ಒಂದೇ ಕೀ ಇದ್ದ ಬೀಗ

ನನ್ನ ಹೊಲಿಗೆ ಮಿಷನ್ನಿಗೂ ಬೀಗದಣ್ಣನ ಅಂಗಡಿಗೂ ಮಧ್ಯೆ ಇದ್ದದ್ದು ಒಂದು ತಗಡಿನ ಗೋಡೆ. ಆ ಕಡೆಯಿಂದ ಅರ ಉಜ್ಜುವ ಸದ್ದು, ಈ ಕಡೆಯಿಂದ ನನ್ನ ಮಿಷನ್ನಿನ ಸದ್ದು. ಇಪ್ಪತ್ತಾರು ವರ್ಷ ಹೀಗೇ ಕಳೆಯಿತು. ನಾನು ಹೊಸ ಬಟ್ಟೆ ಹೊಲಿಯುವವಳಲ್ಲ. ಹರಿದದ್ದಕ್ಕೆ ತೇಪೆ, ಕೆಟ್ಟ ಜಿಪ್ಪಿಗೆ ಹೊಸ ಜಿಪ್ಪು, ದಪ್ಪಗಾದವರಿಗೆ ಸೊಂಟದ ಹೊಲಿಗೆ ಬಿಚ್ಚಿಕೊಡುವುದು, ಇಷ್ಟೇ ನನ್ನ ಕಸುಬು. ಅವರ ಕಸುಬೂ ಹೆಚ್ಚುಕಡಿಮೆ ಇದೇ ಜಾತಿಯದು. ಜನ ಕಳೆದುಕೊಂಡದ್ದನ್ನು, ಮುರಿದುಕೊಂಡದ್ದನ್ನು ತರುತ್ತಿದ್ದರು, ಅವರು ಬೈದುಕೊಂಡು ಸರಿಮಾಡಿ ಕೊಡುತ್ತಿದ್ದರು.

ಅವರ ಹೆಸರು ಅವರ ಅಂಗಡಿಯ ಬೋರ್ಡಿನ ಮೇಲೂ ಇರಲಿಲ್ಲ. ಎಲ್ಲರಿಗೂ ಅವರು ಬೀಗದಣ್ಣ. ಕುಳ್ಳಗಿನ ಆಳು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಹಿತ್ತಾಳೆ ಪುಡಿ. ಭಾನುವಾರ ಚರ್ಚಿಗೆ ಬಿಳಿ ಅಂಗಿ ಹಾಕಿಕೊಂಡು ಬಂದರೂ ಆ ಪುಡಿ ಹೋಗುತ್ತಿರಲಿಲ್ಲ. ಪ್ರಭುಭೋಜನಕ್ಕೆ ಕೈಚಾಚಿದಾಗ ಚರ್ಚಿನ ಪಾದ್ರಿಗಳು, ನಮ್ಮ ಸಭಾಪಾಲಕರು, ಮೊದಲು ಆ ಕೈ ನೋಡಿ, ಆಮೇಲೆ ರೊಟ್ಟಿ ಇಡುತ್ತಿದ್ದರು. ನಾನು ಕೊನೆಯ ಬೆಂಚಿನವಳು, ಇಂಥದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ.

ಬೀಗದಣ್ಣನದು ಎರಡು ನೇಮ. ಮೊದಲನೆಯದು, ಯಾವ ಬೀಗಕ್ಕೂ ಎರಡು ಕೀಗಿಂತ ಕಮ್ಮಿ ಕೊಡುತ್ತಿರಲಿಲ್ಲ. ಗಿರಾಕಿ ಬೇಡವೆಂದು ರಂಪ ಮಾಡಿದರೂ ಎರಡನೆಯದನ್ನು ಮಾಡಿ ಜೇಬಿಗೆ ತುರುಕಿ ಕಳಿಸುತ್ತಿದ್ದರು. "ಒಂದೇ ಕೀ ಇರೋ ಬೀಗನ ನಂಬಬಾರದು" ಎನ್ನುವುದು ಅವರ ಮಾತು. ಎರಡನೆಯದು, ಯಾರ ಮನೆಯ ಬೀಗ ತೆಗೆಯಲು ಹೋದರೂ ಮೊದಲು ಬಾಗಿಲನ್ನು ಮೂರು ಸಲ ತಟ್ಟಿ "ಬರ್ತಾ ಇದೀನಿ" ಎಂದು ಕೂಗುತ್ತಿದ್ದರು. ಮನೆ ಖಾಲಿ ಎಂದು ಗೊತ್ತಿದ್ದರೂ ಅಷ್ಟೇ.

ಒಮ್ಮೆ ನನ್ನ ಮನೆಯ ಕೀ ಕಳೆದುಹೋಯಿತು. ಕರೆದುಕೊಂಡು ಹೋದೆ. ಬಾಗಿಲ ಮುಂದೆ ನಿಂತು ತಟ್ಟಿದರು, ಟಕ್ ಟಕ್ ಟಕ್. ನನಗೆ ರೇಗಿತು.

"ಯಾರಿದಾರೆ ಅಂತ ತಟ್ತೀರಣ್ಣ? ಗಂಡ ಹೋಗಿ ಏಳು ವರ್ಷ ಆಯ್ತು. ಇರೋಳು ನಾನೊಬ್ಬಳೇ, ನಾನು ನಿಮ್ಮ ಪಕ್ಕದಲ್ಲೇ ನಿಂತಿದೀನಿ."

"ಬೀಗ ಹಾಕಿದ ಮನೇಲಿ ಯಾರೂ ಇಲ್ಲ ಅಂತ ಹೊರಗೆ ನಿಂತು ಹೇಗೆ ಹೇಳ್ತೀಯಮ್ಮ?" ಎಂದರು. "ಕಳ್ಳ ತಟ್ಟಲ್ಲ, ನಾನು ತಟ್ತೀನಿ. ಅವನಿಗೂ ನನಗೂ ಇರೋ ವ್ಯತ್ಯಾಸ ಅಷ್ಟೇ."

ಅವರು ತಟ್ಟದೆ ಒಳಗೆ ಹೋಗುತ್ತಿದ್ದದ್ದು ಒಂದೇ ಮನೆಗೆ, ತಮ್ಮ ಮನೆಗೆ. ಅದರ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ನಾನಿದ್ದ ಕಟ್ಟಡದ ಎರಡನೇ ಮಹಡಿ ಅವರದು, ಮೊದಲನೆಯದು ನನ್ನದು. ಮೆಟ್ಟಿಲು ಹತ್ತಿದರೆ ಟೀಚರಮ್ಮನ ದನಿ ಕೇಳುತ್ತಿತ್ತು.

ಟೀಚರಮ್ಮ ಅವರ ಹೆಂಡತಿ. ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ, ಚರ್ಚಿನ ಸಂಡೇ ಸ್ಕೂಲಿನಲ್ಲಿ ಅದಕ್ಕಿಂತ ಹೆಚ್ಚು ವರ್ಷ ಪಾಠ ಹೇಳಿದವರು. ಗಂಡನೂ ಅವರನ್ನು "ಏನ್ ಟೀಚರೇ" ಎಂದೇ ಕರೆಯುತ್ತಿದ್ದರು. ಸಂಡೇ ಸ್ಕೂಲಿನಲ್ಲಿ ಅವರಿಗೆ ಬಹಳ ಪ್ರೀತಿಯ ಪಾಠ ಒಂದಿತ್ತು. ಯೇಸುಸ್ವಾಮಿ ಸತ್ತ ಮೇಲೆ ಶಿಷ್ಯರು ಹೆದರಿ ಒಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಾಗ, ಮತ್ತೆ ಎದ್ದ ಸ್ವಾಮಿ ಬಾಗಿಲು ತೆಗೆಯದೆಯೇ ಒಳಗೆ ಬಂದು ಅವರ ನಡುವೆ ನಿಂತರಲ್ಲ, ಆ ಕತೆ. ಟೀಚರಮ್ಮ ತರಗತಿಯ ಬಾಗಿಲು ಕಿಟಕಿ ಎಲ್ಲ ಹಾಕಿಸಿ, ಮಕ್ಕಳನ್ನು ನೆಲದ ಮೇಲೆ ಒತ್ತೊತ್ತಾಗಿ ಕೂರಿಸಿ, ಒಂದು ನಿಮಿಷ ಉಸಿರೆತ್ತಬಾರದು ಎನ್ನುತ್ತಿದ್ದರು. ಪುಟ್ಟವು ಅಳುವುದಕ್ಕೆ ಶುರು ಮಾಡುವ ಹೊತ್ತಿಗೆ ಕೇಳುತ್ತಿದ್ದರು, "ಈಗ ಸ್ವಾಮಿ ಎಲ್ಲಿದಾರೆ?" ಮಕ್ಕಳೆಲ್ಲ "ಬಾಗಿಲ ಹೊರಗೆ" ಎನ್ನುತ್ತಿದ್ದವು. "ಅಲ್ಲ. ಇಲ್ಲೇ ಇದಾರೆ, ನಿಮ್ಮ ಮಧ್ಯದಲ್ಲಿ. ಸರಿದು ಕೂತ್ಕೊಂಡು ಜಾಗ ಬಿಡಿ." ಈಗ ಬೇರೆ ಊರಲ್ಲಿರುವ ನನ್ನ ಮಗನೂ ಅಲ್ಲಿ ಕೂತು ಜಾಗ ಬಿಟ್ಟವನೇ.

ಈ ಕತೆಯ ಮೇಲೆ ಗಂಡ ಹೆಂಡತಿಗೆ ಮದುವೆಯಾದಾಗಿನಿಂದ ಜಗಳ. ಬೀಗದಣ್ಣನಿಗೆ ಅದು ಒಂದಿಷ್ಟೂ ಹಿಡಿಸುತ್ತಿರಲಿಲ್ಲ.

"ಒಳಗೆ ಹೋದವರು ಬೀಗ ತೆಗೆದು ಹೋಗಬಾರದಿತ್ತಾ? ಹೆದರಿ ಕೂತವರು ಹೊರಗಾದರೂ ಬರ್ತಿದ್ರು. ಬೀಗ ಹಾಗೇ ಇತ್ತು ಅಂದಮೇಲೆ ಕೆಲಸ ಅರ್ಧ ಆದಂಗೆ" ಎನ್ನುತ್ತಿದ್ದರು, ಬೇರೆ ಮೆಕ್ಯಾನಿಕ್ಕಿನ ಕೆಲಸದಲ್ಲಿ ತಪ್ಪು ಹುಡುಕುವಂತೆ.

"ತೆಗೀಬೇಕಾದಾಗ ತೆಗೀತಾರೆ. ಮೊದಲು ಒಳಗೆ ಬರ್ತಾರೆ" ಎನ್ನುತ್ತಿದ್ದರು ಟೀಚರಮ್ಮ. "ನಿಮ್ಮ ಹಾಗೆ ಹೊರಗೆ ನಿಂತು ಗುದ್ದಾಡಲ್ಲ."

ಟೀಚರಮ್ಮನಿಗೂ ಗುದ್ದಾಟ ಗೊತ್ತಿತ್ತು. ಗಂಡ ಮನೆಗೆ ತಂದು ಬಿಚ್ಚುತ್ತಿದ್ದ ಬೀಗಗಳನ್ನು ನೋಡಿ ನೋಡಿ ಕೈ ಪಳಗಿತ್ತು. ಒಮ್ಮೆ ಚರ್ಚಿನ ಬೀರುವಿನ ಕೀ ಕಳೆದು ಕಮಿಟಿಯವರೆಲ್ಲ ತಲೆ ಮೇಲೆ ಕೈಹೊತ್ತು ನಿಂತಿದ್ದಾಗ, ಜಡೆಯಿಂದ ಹೇರ್‌ಪಿನ್ ತೆಗೆದು ಎರಡು ನಿಮಿಷದಲ್ಲಿ ತೆಗೆದುಕೊಟ್ಟರು. ಸಭಾಪಾಲಕರು ಹೊಗಳಬೇಕೋ ಹುಷಾರಾಗಬೇಕೋ ತಿಳಿಯದೆ ನಿಂತಿದ್ದರು. ಆ ಸುದ್ದಿ ಕೇಳಿ ಬೀಗದಣ್ಣ ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದರು.

ಟೀಚರಮ್ಮನ ಮರೆವಿನ ಕಾಯಿಲೆ ಮೊದಲು ಕಂಡದ್ದು ಆ ಪಾಠದಲ್ಲೇ. ಒಂದು ಭಾನುವಾರ ಬಾಗಿಲು ಹಾಕಿಸಿ ಕತೆ ಹೇಳಿದರು. ಮುಂದಿನ ಭಾನುವಾರವೂ ಅದೇ ಕತೆ. ಅದರ ಮುಂದಿನ ಭಾನುವಾರ ಬಾಗಿಲು ಹಾಕಿಸಿದರು, ಮಕ್ಕಳನ್ನು ಕೂರಿಸಿದರು, ಆಮೇಲೆ ಏನು ಹೇಳಬೇಕೆಂದು ಮರೆತರು. ಮಕ್ಕಳು ಕತ್ತಲಲ್ಲಿ ಹದಿನೈದು ನಿಮಿಷ ಕೂತು, ಕೊನೆಗೆ ಒಂದು ಹುಡುಗಿ ಎದ್ದು ಬಾಗಿಲು ತೆಗೆಯಿತು. ಟೀಚರಮ್ಮ ಕುರ್ಚಿಯ ಮೇಲೆ ಕೈಕಟ್ಟಿ ಕೂತಿದ್ದರಂತೆ, ಪಾಠ ಕೇಳಲು ಬಂದವರ ಹಾಗೆ.

ಆಮೇಲೆ ಒಂದೊಂದೇ ಹೋಯಿತು. ಒಲೆ ಮೇಲಿಟ್ಟದ್ದು ಮರೆತರು, ನೆರೆಯವರ ಹೆಸರು ಮರೆತರು, ನನ್ನನ್ನು ತಮ್ಮ ಸತ್ತ ಅಕ್ಕನ ಹೆಸರಿನಿಂದ ಕರೆದರು. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಹಾಗೇ ಓಗೊಟ್ಟೆ. ಒಂದು ದಿನ ಬೆಳಿಗ್ಗೆ ಬೀಗದಣ್ಣ ಸ್ನಾನಕ್ಕೆ ಹೋಗಿದ್ದಾಗ ಸೀರೆ ಉಟ್ಟು, ಹಾಜರಿ ಪುಸ್ತಕ ಎಂದುಕೊಂಡು ಹಳೆಯ ಕ್ಯಾಲೆಂಡರು ಎದೆಗೊತ್ತಿಕೊಂಡು ಶಾಲೆಗೆ ಹೊರಟುಬಿಟ್ಟರು. ಶಾಲೆ ಮುಚ್ಚಿ ಆಗಲೇ ಒಂಬತ್ತು ವರ್ಷವಾಗಿತ್ತು. ಮಧ್ಯಾಹ್ನ ಸಿಕ್ಕಿದ್ದು ರೈಲ್ವೆ ಗೇಟಿನ ಹತ್ತಿರ, ಹಳಿಯ ಮೇಲೆ. ಗೇಟಿನವನು ಕೈಹಿಡಿದು ಎಳೆದು ಕೂರಿಸಿಕೊಂಡಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಅವರಿಗೊಬ್ಬಳೇ ಮಗಳು, ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅವತ್ತು ಬಂದವಳು ಅಮ್ಮನ ಕಾಲಿಗೆ ಪಟ್ಟಿ ಕಟ್ಟುತ್ತ ಅಪ್ಪನಿಗೆ ನೇರವಾಗಿ ಹೇಳಿದಳು. ನಾನು ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದೆ, ಎಲ್ಲ ಕೇಳಿಸಿತು.

"ಕಾನ್ವೆಂಟಿನ ಸಿಸ್ಟರುಗಳು ನಡೆಸೋ ಮನೆ ಇದೆಯಪ್ಪ. ಇಂಥೋರಿಗೇ ಅಂತ ಇದೆ. ಹೊತ್ತುಹೊತ್ತಿಗೆ ನೋಡ್ಕೊಳ್ತಾರೆ. ನಿಮ್ಮ ಕೈಲಿ ಆಗಲ್ಲ."

"ಅವಳಿಗೆ ಮಾತು ಕೊಟ್ಟಿದೀನಿ."

"ಏನಂತ?"

"ಡಾಕ್ಟರು ಕಾಯಿಲೆ ಹೆಸರು ಹೇಳಿದ ದಿನ ಕೇಳಿದಳು. ನನ್ನ ಎಲ್ಲಿಗೂ ಕಳಿಸಬೇಡಿ, ಒಬ್ಬಳನ್ನೇ ಬಿಡಬೇಡಿ ಅಂದಳು. ಇಲ್ಲ ಅಂದೆ."

"ಅಂಗಡಿಗೆ ಹೋದಾಗ ಒಬ್ಬಳನ್ನೇ ಬಿಡ್ತೀರಲ್ಲ."

ಅಂಗಡಿ ಮುಚ್ಚಿದರೆ ಇಬ್ಬರ ಹೊಟ್ಟೆಗೂ ದಾರಿ ಇಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಮಗಳು ಒಂದು ಷರತ್ತು ಇಟ್ಟು ಹೋದಳು: ಇನ್ನೊಂದು ಸಲ ಅಮ್ಮ ಹೊರಗೆ ಹೋದರೆ ತಾನೇ ಬಂದು ಕರೆದುಕೊಂಡು ಹೋಗಿ ಅಲ್ಲಿ ಸೇರಿಸುತ್ತೇನೆ, ಯಾರ ಮಾತೂ ಕೇಳುವುದಿಲ್ಲ. ಆ ಹುಡುಗಿಯನ್ನು ಕಲ್ಲುಮನಸ್ಸಿನವಳು ಎಂದು ಅವತ್ತು ನಾನು ಬೈದುಕೊಂಡೆ. ಅದು ತಪ್ಪು. ನಮ್ಮೆಲ್ಲರಿಗಿಂತ ನೆಟ್ಟಗೆ ಯೋಚನೆ ಮಾಡಿದವಳು ಅವಳೇ.

ಹೀಗೆ ಜನ್ಮವಿಡೀ ಬೀಗ ತೆಗೆದುಕೊಂಡು ಬಂದ ಮನುಷ್ಯ ತನ್ನ ಹೆಂಡತಿಯ ಮೇಲೆ ಬೀಗ ಹಾಕಬೇಕಾಯಿತು. ಮೊದಲು ಅಂಗಡಿಯಲ್ಲಿದ್ದ ಒಳ್ಳೆಯ ಬೀಗವೊಂದನ್ನು ಕೂರಿಸಿದರು. ಟೀಚರಮ್ಮ ಮಾರನೇ ದಿನವೇ ಹೇರ್‌ಪಿನ್ನಿನಿಂದ ತೆಗೆದು ಮೆಟ್ಟಿಲ ಮೇಲೆ ಬಂದು ಕೂತಿದ್ದರು. ಗಂಡನ ಹೆಸರು ಮರೆತಿತ್ತು, ಉಪ್ಪು ಸಕ್ಕರೆ ಮರೆತಿತ್ತು, ಕೈ ಮಾತ್ರ ಬೀಗ ಮರೆತಿರಲಿಲ್ಲ. ಇನ್ನೊಂದು ಬೀಗ ಹಾಕಿದರು. ಈ ಸಲ ಎರಡನೇ ಕೀಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದರು, ಅದನ್ನು ಟೀಚರಮ್ಮ ಹುಡುಕಿ ತೆಗೆದರು. ಆಮೇಲೆ ಹಾಸಿಗೆಯ ಹತ್ತಿಯೊಳಗಿಟ್ಟರು, ಅದನ್ನೂ ಹುಡುಕಿದರು. ಪ್ರತಿ ಸಲವೂ ದೇವರ ದಯೆಯಿಂದ ನನ್ನ ಕಣ್ಣಿಗೇ ಬಿದ್ದರು, ಮಗಳ ತನಕ ಸುದ್ದಿ ಹೋಗಲಿಲ್ಲ.

ಆಗ ಬೀಗದಣ್ಣ ಒಂದು ಬೀಗ ಮಾಡಲು ಕೂತರು. ಮೂರು ವಾರ ಬೇರೆ ಕೆಲಸ ಮುಟ್ಟಲಿಲ್ಲ. ಆ ಬೀಗದಲ್ಲಿ ಒಂದು ಕಳ್ಳ ಲಿವರ್ ಇಟ್ಟರು. ಸರಿಯಾದ ಕೀ ಬಿಟ್ಟು ಬೇರೆ ಏನೇ ತೂರಿಸಿದರೂ ಅದು ಕೆಳಗೆ ಬಿದ್ದು ಇಡೀ ಬೀಗ ಕಚ್ಚಿಕೊಳ್ಳುತ್ತಿತ್ತು; ಮತ್ತೆ ಸರಿಯಾಗಲು ಕೀಯನ್ನು ಮೊದಲು ಮೆಲ್ಲಗೆ ಹಿಂದಕ್ಕೆ ತಿರುಗಿಸಬೇಕಿತ್ತು. ಬಾಗಿಲಿಗೆ ಕಬ್ಬಿಣದ ತಗಡು ಹೊಡೆಸಿದರು. ತಾವು ಮನೆಯಲ್ಲಿರುವಾಗಲೂ ಬೀಗ ಹಾಕಿಕೊಳ್ಳಬೇಕಲ್ಲ, ಅದಕ್ಕೆ ಒಳಗೂ ಹೊರಗೂ ಕೀ ಹಾಕುವ ತೂತು ಇಟ್ಟರು. ಎಲ್ಲ ಮುಗಿಸಿ ನನಗೆ ತೋರಿಸಲು ತಂದರು. ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಸ್ವಲ್ಪ ಕಳೆ ಇತ್ತು, ಒಳ್ಳೆಯ ಕೆಲಸ ಮಾಡಿದವನ ಕಳೆ.

"ಇದನ್ನ ನನಗೂ ತೆಗೆಯೋಕಾಗಲ್ಲ" ಎಂದರು. "ಕೀ ಇಲ್ಲದೆ ಯಾರ ಕೈಲೂ ಆಗಲ್ಲ."

"ಎಷ್ಟು ಕೀ ಮಾಡಿದೀರಿ?"

"ಒಂದು ಮಾಡಿದೀನಿ. ಇನ್ನೊಂದು ಮಾಡಿದರೆ ನೀನು ಇಟ್ಕೊಳ್ತೀಯಾ? ಮನೇಲಿಟ್ಟರೆ ಅವಳು ಬಿಡಲ್ಲ. ನೀನು ಹನ್ನೊಂದು ಗಂಟೆಗೆ ಮಾತ್ರೆ ತಗೊಳ್ಳೋಕೆ ಮನೆಗೆ ಹೋಗ್ತೀಯಲ್ಲ, ಆಗ ಒಂದು ಸಲ ಹತ್ತಿ ನೋಡಿದ್ರೆ..."

ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಈ ಬರಹವೇ ಸುಳ್ಳಾಗುತ್ತದೆ. "ಬೇಡಪ್ಪ, ನನಗ್ಯಾಕೆ ಆ ಜವಾಬ್ದಾರಿ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ" ಎಂದೆ. ನಿಜ ಹೇಳಬೇಕೆಂದರೆ ಅವರನ್ನು ನೋಡಿಕೊಳ್ಳುವುದು ನನಗೆ ಸಾಕಾಗಿತ್ತು. ಸತ್ತ ಅಕ್ಕನ ಹೆಸರಿಗೆ ಓಗೊಟ್ಟು ಓಗೊಟ್ಟು ಬೇಸತ್ತಿದ್ದೆ. ಬೀಗದಣ್ಣ ತಲೆಯಾಡಿಸಿ, ಆ ಒಂದೇ ಕೀಯನ್ನು ಕನ್ನಡಕದ ದಾರಕ್ಕೆ ಕಟ್ಟಿಕೊಂಡರು.

ನಾಲ್ಕು ತಿಂಗಳು ನಡೆಯಿತು. ಬೆಳಿಗ್ಗೆ ಊಟ ಮಾಡಿಸಿ ಬೀಗ ಹಾಕಿ ಬರುವುದು, ಒಂದು ಗಂಟೆಗೆ ಓಡುವುದು, ಮತ್ತೆ ಬರುವುದು, ಸಂಜೆ ಐದಕ್ಕೆ ಅಂಗಡಿ ಎಳೆದು ಹೋಗುವುದು. ಮನುಷ್ಯ ಸೊರಗಿ ಕಡ್ಡಿಯಾದರು. ಸಭಾಪಾಲಕರು ಒಮ್ಮೆ ಮನೆಗೆ ಬಂದು ಪ್ರಾರ್ಥನೆ ಮಾಡಿ, ತಡೆಯಲಾಗದಷ್ಟು ಭಾರವನ್ನು ದೇವರು ಯಾರ ಮೇಲೂ ಹೊರಿಸುವುದಿಲ್ಲ ಎಂದರು. ಆಗ ಟೀಚರಮ್ಮ ಸಭಾಪಾಲಕರ ಚಪ್ಪಲಿಯೊಂದನ್ನು ಮಡಿಲಲ್ಲಿಟ್ಟುಕೊಂಡು ತಟ್ಟಿ ಮಲಗಿಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಮೆಟ್ಟಿಲಿಳಿಯುವಾಗ ಬೀಗದಣ್ಣನನ್ನು ಕೇಳಿಯೇಬಿಟ್ಟೆ.

"ನಿಮ್ಮ ದೇವರು ಎಲ್ಲಿದಾನಣ್ಣ ಇದರಲ್ಲೆಲ್ಲ?"

"ಗೊತ್ತಿಲ್ಲಮ್ಮ" ಎಂದರು. "ತಟ್ತಾ ಇದೀನಿ. ಒಳಗಿಂದ ಸದ್ದಿಲ್ಲ."

ಅವರು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೇಳಬಾರದಿತ್ತು ಅನ್ನಿಸಿತು.

ಅದಾದ ಕೆಲವು ದಿನಕ್ಕೆ, ಮಧ್ಯಾಹ್ನ ಒಂದೂಕಾಲಿಗೆ ಅವರು ಮನೆಯಿಂದ ವಾಪಸು ಓಡಿಬಂದರು. ಹೋಗಿ ಹದಿನೈದು ನಿಮಿಷವೂ ಆಗಿರಲಿಲ್ಲ. ಡ್ರಾಯರು ಎಳೆದು ಹ್ಯಾಕ್ಸಾ ಬ್ಲೇಡುಗಳನ್ನು ಬಾಚಿಕೊಂಡರು. ಅರ್ಧ ಕೆಳಗೆ ಬಿದ್ದವು. ಕೊರಳಿನ ದಾರದಲ್ಲಿ ಕೀಯ ಹಿಡಿ ಮಾತ್ರ ಇತ್ತು, ಹಲ್ಲಿನ ಭಾಗ ಇರಲಿಲ್ಲ.

"ಪಿನ್ನು ಹಾಕಿದಾಳೆ ಒಳಗಿಂದ" ಎಂದರು. "ಲಿವರ್ ಬಿದ್ದಿದೆ. ನಾನು ನೋಡದೆ ಜೋರಾಗಿ ತಿರುಗಿಸಿದೆ. ಕೀ ಒಳಗೇ ಮುರೀತು. ಅವಳು ಒಳಗೆ ಬಿದ್ದಿರಬೇಕು, ನರಳೋದು ಕೇಳಿಸ್ತಾ ಇದೆ."

ನಾನು ಮಿಷನ್ನಿನಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಹೊರಟೆ. ದಾರಿಯಲ್ಲೇ ಅಗ್ನಿಶಾಮಕದವರಿಗೆ ಫೋನು ಮಾಡಿದೆ. ಊರಾಚೆ ಗೋದಾಮಿಗೆ ಬೆಂಕಿ ಬಿದ್ದಿದೆ, ಗಾಡಿ ಅಲ್ಲಿದೆ, ಬಿಡುವಾದ ಕೂಡಲೇ ಕಳಿಸುತ್ತೇವೆ ಎಂದರು. ಬೀದಿಯ ವೆಲ್ಡಿಂಗ್‌ನವನನ್ನು ಕರೆದೆ. ಬಂದ, ಕತ್ತರಿಸುವ ಮಿಷನ್ನು ಹೊತ್ತುಕೊಂಡೇ ಬಂದ. ಆದರೆ ಬೆಳಗಿನಿಂದ ಬೀದಿಯಲ್ಲಿ ಕರೆಂಟಿರಲಿಲ್ಲ. ಅವನು ಸಲಾಕೆ ಹಾಕಿ ಮೀಟಿ ನೋಡಿದ. ತಗಡು ಡೊಂಕಾಯಿತು, ಬಾಗಿಲು ಅಲ್ಲಾಡಲಿಲ್ಲ. "ಎಂಥ ಗಟ್ಟಿ ಮಾಡಿಸಿದೀರಿ ಯಜಮಾನ್ರೇ" ಎಂದ ಪಾಪ, ಮೆಚ್ಚಿಕೊಂಡೇ.

ಉಳಿದ ದಾರಿ ಒಂದೇ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆರಳ ಉಗುರಿನಷ್ಟು ಸಂದು ಇತ್ತು. ಅದರಲ್ಲಿ ಬ್ಲೇಡು ತೂರಿಸಿ ಬೀಗದ ನಾಲಿಗೆಯನ್ನು ಕೊಯ್ಯಬೇಕು. ಅದೋ ಗಟ್ಟಿ ಉಕ್ಕು, ಬೀಗದಣ್ಣ ತಾವೇ ಕಾಯಿಸಿ ಹದ ಹಾಕಿದ್ದು. ಅವರು ಹೊಸ್ತಿಲ ಹೊರಗೆ ಮೊಣಕಾಲೂರಿ ಕೂತು ಕೊಯ್ಯತೊಡಗಿದರು. ವೆಲ್ಡಿಂಗ್‌ನವನು ತಾನು ಕೊಯ್ಯುತ್ತೇನೆ ಎಂದರೆ ಕೊಡಲಿಲ್ಲ. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಕೊಯ್ಯುವುದು, ನಿಲ್ಲಿಸಿ ಬಾಗಿಲಿಗೆ ಕಿವಿ ಹಚ್ಚುವುದು, ಮತ್ತೆ ಕೊಯ್ಯುವುದು.

"ಟೀಚರೇ" ಎಂದು ಕರೆದರು. "ಕೇಳಿಸ್ತಾ ಇದೆಯಾ?"

ಒಳಗಿಂದ ನರಳಾಟ. ಆಮೇಲೆ ಹೆದರಿದ ದನಿ. "ಯಾರದು? ಯಾಕೆ ಬಾಗಿಲು ಮುರೀತಿದೀರಿ?"

"ನಾನು ಕಣೇ. ನಾನು."

"ನಮ್ಮ ಮನೇಲಿ ಏನೂ ಇಲ್ಲ. ಹೊರಟೋಗಿ."

ಬೀಗದಣ್ಣ ಬ್ಲೇಡು ಕೆಳಗಿಟ್ಟರು. ಅವರು ಅಳುತ್ತಿದ್ದರು, ಸದ್ದಿಲ್ಲದೆ. ಬೆರಳಲ್ಲಿ ರಕ್ತ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೈ ಎತ್ತಿ ಬಾಗಿಲನ್ನು ಮೂರು ಸಲ ತಟ್ಟಿದರು, ಬೇರೆಯವರ ಮನೆಯ ಬಾಗಿಲು ತಟ್ಟುವ ಹಾಗೆ. ಬೇರೆ ದನಿಯಲ್ಲಿ, ಗಿರಾಕಿಗಳೊಡನೆ ಮಾತಾಡುವ ದನಿಯಲ್ಲಿ ಹೇಳಿದರು:

"ಹೆದರಬೇಡಿ ತಾಯಿ. ನಾನು ಬೀಗ ರಿಪೇರಿಯವನು. ಬೀಗ ಕೆಟ್ಟಿದೆ, ತೆಗೆಯೋಕೆ ಬಂದಿದೀನಿ."

"ಓ, ಬೀಗದವರಾ" ಎಂದರು ಟೀಚರಮ್ಮ. ದನಿ ಸ್ವಲ್ಪ ಇಳಿಯಿತು. "ನನ್ನ ಕಾಲು ಬಹಳ ನೋಯ್ತಿದೆ. ಕೀ ಹುಡುಕೋಕೆ ಸ್ಟೂಲು ಹತ್ತಿ ಬಿದ್ದೆ."

"ಇನ್ನು ಸ್ವಲ್ಪ ಹೊತ್ತು ತಾಯಿ. ಒಬ್ಬರೇ ಇದೀರಾ ಒಳಗೆ?"

"ಇಲ್ಲ."

ನಾನು ಬೀಗದಣ್ಣನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

"ಯಾರಿದಾರೆ ತಾಯಿ ಜೊತೇಲಿ?"

"ನಮ್ಮ ಯಜಮಾನರು. ಆಗಿಂದ ಇಲ್ಲೇ ಕೂತಿದಾರೆ. ಕೈ ಹಿಡ್ಕೊಂಡಿದಾರೆ."

ಮೆಟ್ಟಿಲ ಮೇಲೆ ನೆರೆಯವರು ಐದಾರು ಜನ ನಿಂತಿದ್ದರು. ಆ ಮನುಷ್ಯನ ಎದೆಯೊಳಗೆ ಆಗ ಏನಾಯಿತೋ ನಾನು ಹೇಳಲಾರೆ. ಮೂವತ್ತೇಳು ವರ್ಷ ಸಂಸಾರ ಮಾಡಿದ ಹೆಂಡತಿ ಒಳಗೆ ಬಿದ್ದಿದ್ದಾಳೆ. ಗಂಡ ತನ್ನ ಪಕ್ಕದಲ್ಲೇ ಇದ್ದಾನೆ ಅನ್ನುತ್ತಿದ್ದಾಳೆ. ಗಂಡ ಹೊರಗೆ ಕೂತು ರಿಪೇರಿಯವನ ಹಾಗೆ ಮಾತಾಡುತ್ತಿದ್ದಾನೆ. ಅವರು ಹಣೆಯನ್ನು ತಗಡಿಗೆ ಒತ್ತಿ ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಹೇಳಿದರು:

"ಒಳ್ಳೇದಾಯ್ತು ತಾಯಿ. ಅವರಿಗೆ ಹೇಳಿ, ನಾನು ಬಾಗಿಲು ತೆಗೆಯೋ ತನಕ ಎದ್ದು ಹೋಗಬೇಡಿ ಅಂತ. ಅಲ್ಲೇ ಇರಿ ಅಂತ ಹೇಳಿ."

"ಅವರು ಹೋಗಲ್ಲ" ಎಂದರು ಟೀಚರಮ್ಮ, ದಡ್ಡ ಹುಡುಗನಿಗೆ ಉತ್ತರ ಹೇಳಿಕೊಡುವ ದನಿಯಲ್ಲಿ. "ಅವರು ಹೋಗೋರಲ್ಲ. ನೀವು ನಿಧಾನಕ್ಕೆ ಮಾಡಿ."

ಬೀಗದಣ್ಣ ಮತ್ತೆ ಬ್ಲೇಡು ಹಿಡಿದರು. ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಏಳು ಬ್ಲೇಡು ತುಂಡಾದವು. ನಡುನಡುವೆ ಅವರು ಕೇಳುತ್ತಿದ್ದರು, "ಇದಾರಾ ತಾಯಿ?" ಒಳಗಿಂದ "ಇದಾರೆ." ಕೊಯ್ಯುತ್ತಿದ್ದರು. "ಇದಾರಾ?" "ಇದಾರೆ." ಕೊನೆಕೊನೆಗೆ ಆ ದನಿ ಬಹಳ ಸಣ್ಣಗಾಯಿತು, ಆದರೆ ನಿಲ್ಲಲಿಲ್ಲ.

ಬಾಗಿಲು ತೆರೆದಾಗ ಟೀಚರಮ್ಮ ಗೋಡೆಯಿಂದ ಸ್ವಲ್ಪ ಈಚೆಗೆ ಒಂದು ಮಗ್ಗುಲಿಗೆ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಹೇರ್‌ಪಿನ್ ಬಾಗಿಲ ಹತ್ತಿರ ಬಿದ್ದಿತ್ತು. ಬೀಗದಣ್ಣನನ್ನು ನೋಡಿ, "ಬಂದ್ರಾ ಬೀಗದವರೇ, ಬಹಳ ಹೊತ್ತು ಮಾಡಿದ್ರಿ" ಎಂದರು. ನಾನು ನೋಡಿದ ಇನ್ನೊಂದು ವಿಷಯವನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಅವರ ಬಲಗೈ ನೆಲದ ಮೇಲೆ ಪಕ್ಕಕ್ಕೆ ಚಾಚಿತ್ತು, ಬೆರಳುಗಳು ಯಾರದೋ ಕೈಯನ್ನು ಹಿಡಿದಂತೆ ಅರ್ಧ ಮುಚ್ಚಿದ್ದವು. ಗೋಡೆಗೂ ಅವರಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಇತ್ತು. ಬಿದ್ದ ರೀತಿಯಿಂದ ಹಾಗಾಗಿರಬಹುದು.

ಮಗಳು ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪನ ಮೇಲೆ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಅಮ್ಮನ್ನ ಬೀಗ ಹಾಕಿಟ್ರಿ ಅಪ್ಪ. ತೆಗೆಯೋಕೆ ಆಗದಂಥ ಬೀಗ" ಎಂದಷ್ಟೇ ಹೇಳಿ ಸ್ಟ್ರೆಚರಿನ ಜೊತೆ ಒಳಗೆ ಹೋದಳು. ಒಳಗೆ ಯಾರೋ ಇದ್ದರು ಎಂದು ಅಮ್ಮ ಹೇಳಿದ್ದನ್ನು ನಾನು ಆಮೇಲೆ ಅವಳಿಗೆ ಹೇಳಿದೆ. ಈ ಕಾಯಿಲೆಯವರಿಗೆ ಹಾಗೆ ಕಾಣುವುದುಂಟು, ನೋವು ಜಾಸ್ತಿಯಾದಾಗ ಇನ್ನೂ ಕಾಣುತ್ತದೆ ಎಂದಳು. ಅವಳು ದಿನವೂ ಇಂಥವರನ್ನು ನೋಡುವವಳು. ಬಹುಪಾಲು ದಿನ ನಾನೂ ಅದನ್ನೇ ನಂಬುತ್ತೇನೆ.

ಟೀಚರಮ್ಮ ಹತ್ತೊಂಬತ್ತು ದಿನ ಬದುಕಿದ್ದರು. ಬೀಗದಣ್ಣ ಅಂಗಡಿ ತೆರೆಯದೆ ಮಂಚದ ಪಕ್ಕದಲ್ಲೇ ಕೂತರು. ಆ ಹತ್ತೊಂಬತ್ತು ದಿನದಲ್ಲಿ ಒಂದು ಸಲವಾದರೂ ಗಂಡನ ಗುರುತು ಸಿಕ್ಕಿತು ಎಂದು ಬರೆಯಲು ನನಗೆ ಬಹಳ ಆಸೆ. ಸಿಗಲಿಲ್ಲ. "ಬೀಗದವರೇ" ಎಂದೇ ಮಾತಾಡಿಸುತ್ತಿದ್ದರು. "ನೀವು ಮನೆಗೆ ಹೋಗಿ, ನಿಮ್ಮ ಮನೇಲಿ ಕಾಯ್ತಿರ್ತಾರೆ" ಎನ್ನುತ್ತಿದ್ದರು. ಇವರು "ಆಯ್ತು ತಾಯಿ, ಆಮೇಲೆ ಹೋಗ್ತೀನಿ" ಎಂದು ಅಲ್ಲೇ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ಇವರ ಕೈಯಲ್ಲಿ ಕೈಯಿಟ್ಟುಕೊಂಡೇ ಹೋದರು. ಯಾರ ಕೈ ಎಂದುಕೊಂಡು ಹಿಡಿದಿದ್ದರೋ ಗೊತ್ತಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಗಳು ಮೂರು ತಿಂಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಈಗ ಬರುತ್ತಾಳೆ, ಭಾನುವಾರ ಅಡುಗೆ ಮಾಡಿಟ್ಟು ಹೋಗುತ್ತಾಳೆ. ಬೀಗದಣ್ಣ ಮತ್ತೆ ಅಂಗಡಿ ತೆರೆದಿದ್ದಾರೆ. ಮೊದಲಿನ ಹಾಗೆ ಗಿರಾಕಿಗಳನ್ನು ಬೈಯುವುದಿಲ್ಲ, ಅದೇ ನನಗೆ ಬೇಜಾರು. ಮನೆಯ ಬಾಗಿಲ ತಗಡು ತೆಗೆಸಿ ಸಾಧಾರಣ ಬೀಗ ಹಾಕಿದ್ದಾರೆ. ಅದಕ್ಕೆ ಎರಡು ಕೀ. ಒಂದು ನನ್ನ ಹತ್ತಿರ ಇದೆ. ಈ ಸಲ ಅವರು ಕೇಳಲಿಲ್ಲ, ನಾನೇ ಕೈಚಾಚಿ ತೆಗೆದುಕೊಂಡೆ. ಈಗ ಅದರಿಂದ ಯಾರಿಗೂ ಉಪಯೋಗವಿಲ್ಲ ಎಂದು ಗೊತ್ತಿದ್ದೇ ತೆಗೆದುಕೊಂಡೆ.

ಹೋದ ತಿಂಗಳು ಇಬ್ಬರೂ ಒಟ್ಟಿಗೆ ಅಂಗಡಿ ಮುಚ್ಚಿ ಬಂದೆವು. ನಾನು ನನ್ನ ಮಹಡಿಯಲ್ಲಿ ಬಾಗಿಲು ತೆಗೆಯುತ್ತಿದ್ದೆ, ಅವರು ಮೇಲೆ ಹತ್ತಿದರು. ಮೇಲಿನಿಂದ ಸದ್ದು ಕೇಳಿಸಿತು, ಟಕ್ ಟಕ್ ಟಕ್. "ಬರ್ತಾ ಇದೀನಿ." ಬುದ್ಧಿಗೇನಾದರೂ ಆಯಿತೇನೋ ಎಂದು ಹೆದರಿ ಮೇಲೆ ಓಡಿದೆ.

"ಯಾರಿಗೆ ತಟ್ತೀರಣ್ಣ? ನಿಮ್ಮದೇ ಮನೆ. ಒಳಗೆ ಯಾರೂ ಇಲ್ಲ."

ಅವರು ಕೀ ಹಿಡಿದುಕೊಂಡು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ನೆಟ್ಟಗಿತ್ತು.

"ನೋಡಮ್ಮ, ಅವತ್ತು ನಾನು ಹೊರಗಿದ್ದೆ. ನೀನೂ ನೋಡಿದೀಯ. ಆ ಬೀಗ ನಾನೇ ಮಾಡಿದ್ದು, ಅದನ್ನ ದಾಟಿ ಒಬ್ಬರೂ ಒಳಗೆ ಹೋಗೋಕಾಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಒಳಗೊಬ್ಬರು ಅವಳ ಕೈ ಹಿಡ್ಕೊಂಡು ಕೂತಿದ್ರು."

"ಟೀಚರಮ್ಮನಿಗೆ ಕಾಯಿಲೆ ಇತ್ತಲ್ಲಣ್ಣ."

"ಇತ್ತು. ಎಲ್ಲ ಮರೆತಿದ್ದಳು. ನನ್ನನ್ನೂ ಮರೆತಿದ್ದಳು." ಎಂದರು. "ಒಬ್ಬಳನ್ನೇ ಬಿಡಲ್ಲ ಅಂತ ಮಾತು ಕೊಟ್ಟವನು ನಾನು. ಬಿಟ್ಟವನೂ ನಾನೇ. ನನ್ನ ಮಾತು ಬೇರೆ ಯಾರೋ ನಡೆಸಿಕೊಟ್ರು. ಅವರು ಹೋಗೋರಲ್ಲ ಅಂದಳಲ್ಲ ನಮ್ಮ ಟೀಚರು. ಇನ್ನೂ ಹೋಗಿಲ್ಲದಿದ್ರೆ, ತಟ್ಟದೆ ನುಗ್ಗೋದು ಹೇಗೆ?"

ಅವರು ಬಾಗಿಲ ಮುಂದೆ ಒಂದು ಕ್ಷಣ ಕಾದರು. ಒಳಗಿಂದ ಯಾವ ಸದ್ದೂ ಬರಲಿಲ್ಲ. ಆಮೇಲೆ ಕೀ ತಿರುಗಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು.